ಒಳಗೆ ಮಡಚಿಟ್ಟ ಬಟ್ಟೆ

ಪರದೆಯ ಆಚೆ ಅವಳು ಹಲ್ಲಿನಿಂದ ದಾರ ಕಡಿದ ಸದ್ದು ಕೇಳಿಸಿತು. ಈಚೆ ಅವನು ಉಸಿರು ಬಿಗಿಹಿಡಿದು ಬೂದು ಪ್ಯಾಂಟಿನ ಗುಂಡಿಯನ್ನು ಕಾಜಾದ ಹತ್ತಿರಕ್ಕೆ ಎಳೆಯುತ್ತಿದ್ದ. ಎರಡು ಬೆರಳಿನಷ್ಟು ಸಾಲದೇ ಹೋಗುತ್ತಿತ್ತು.

“ಏನ್ರೀ ಲಿಫ್ಟು, ಒಳಗೇ ಮನೆ ಮಾಡ್ಕೊಂಡ್ರಾ?”

“ಬಂದೆ, ಬಂದೆ.”

“ಭಾನುವಾರಕ್ಕೆ ಇದೇ ಪ್ಯಾಂಟು ಬೇಕು ಅಂದೋರು ನೀವೇ. ಇವತ್ತಾಗಲೇ ಶುಕ್ರವಾರ.”

ಆ ಕಟ್ಟಡದ ಲಿಫ್ಟ್ ನೋಡಿಕೊಳ್ಳುವವನು ಅವನು. ನಾಲ್ಕನೆಯ ಮಹಡಿಯ ಮೂಲೆಯಲ್ಲಿ ಅವಳ ಟೈಲರಿಂಗ್ ಅಂಗಡಿ. ಮೊದಲೆಲ್ಲ ಎಲ್ಲರಂತೆ ಅವಳೂ ‘ಲಿಫ್ಟಣ್ಣ’ ಎನ್ನುತ್ತಿದ್ದಳು. ಆರು ತಿಂಗಳ ಹಿಂದೆ ಒಂದು ದಿನ ‘ಅಣ್ಣ’ ಸದ್ದಿಲ್ಲದೆ ಉದುರಿಹೋಯಿತು. ಅವನು ಅದನ್ನು ಗಮನಿಸಿದ. ಅವನು ಗಮನಿಸಿದ್ದನ್ನು ಅವಳೂ ಗಮನಿಸಿ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ತಗ್ಗಿಸಿದ್ದಳು.

ಈಗ ಭಾನುವಾರ ಮನೆಗೆ ಊಟಕ್ಕೆ ಕರೆದಿದ್ದಳು. “ವರ್ಷಗಳಿಂದ ನೋಡ್ತಿದ್ದೀನಿ, ನಿಮ್ಮ ಬಾಯಿಗೆ ಟೀ ಬಿಟ್ಟು ಬೇರೇನೂ ಹೋಗಿದ್ದು ಕಂಡಿಲ್ಲ. ನನ್ನ ಕೈಯಡುಗೆ ತಿಂದು ಬದುಕುಳಿದ್ರೆ ಮುಂದಿನ ಮಾತು ಆಡೋಣ.”

ಮುಂದಿನ ಮಾತು ಏನೆಂದು ಇಬ್ಬರಿಗೂ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಇಷ್ಟು ಹೇಗೆ ಇಳಿದಿರಿ ಎಂದು ಅವಳು ಕೇಳಿದಾಗ ಅವನು “ವಾಕಿಂಗ್” ಎಂದಿದ್ದ. ಅವಳು ಅದನ್ನು ನಂಬಿ, ಹೊಟ್ಟೆ ಬಂದ ಗಿರಾಕಿಗಳಿಗೆಲ್ಲ ಅವನ ಉದಾಹರಣೆ ಕೊಡುತ್ತಿದ್ದಳು.

ನಿಜವೆಂದರೆ ನಾಲ್ಕು ವರ್ಷದ ಹಿಂದೆ, ತೂಕ ಇಳಿಸಲೆಂದು, ಡಾಕ್ಟರು ಅವನ ಹೊಟ್ಟೆಯ ಬಹುಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಹೊಲಿದಿದ್ದರು. ಮೊದಲೆರಡು ವರ್ಷ ಹಸಿವು ಊರು ಬಿಟ್ಟುಹೋದಂತಿತ್ತು. ಮೂರನೆಯ ವರ್ಷ, ಒಂದು ಮಧ್ಯಾಹ್ನ, ಹೇಳದೆ ಕೇಳದೆ ವಾಪಸು ಬಂತು. ಬಂದು ಕೂತದ್ದು ಹೊಟ್ಟೆಯಲ್ಲಲ್ಲ, ತಲೆಯಲ್ಲಿ. ಅನ್ನವಾದರೆ ನಾಲ್ಕು ತುತ್ತಿಗೇ ಎದೆ ಕಟ್ಟುತ್ತಿತ್ತು. ಟಾಫಿ, ಐಸ್‌ಕ್ರೀಮು ಮಾತ್ರ ಯಾರನ್ನೂ ಕೇಳದೆ ಜಾರಿಹೋಗುತ್ತಿದ್ದವು. ತೂಕ ಆರು ಕಿಲೋ ಏರಿತು. ಮನೆಯಲ್ಲಿ ಜೊತೆಗಿದ್ದ ಅಕ್ಕ ಅಡುಗೆಮನೆಯ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ಅವನ ಕನಸಿನಲ್ಲೆಲ್ಲ ಬೀರುವೇ.

ಪರದೆ ಸರಿಸಿ ಹೊರಬಂದ. ಪ್ಯಾಂಟಿನ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

“ಗುಂಡಿ ಸ್ವಲ್ಪ ಆಚೆ ಸರಿಸಿದ್ರೆ ಸಾಕು.”

ಅವಳು ಟೇಪು ಕೊರಳಿಗೆ ಹಾಕಿಕೊಂಡು ಸುತ್ತ ಒಂದು ಬಾರಿ ನೋಡಿದಳು. ನಗಲಿಲ್ಲ. “ಗುಂಡಿಗೆ ಜಾಗ ಇಲ್ಲ. ಬಿಚ್ಚಿ ಕೊಡಿ. ಹಿಂದಿನ ಹೊಲಿಗೆ ಬಿಟ್ಟರಾಯ್ತು.”

“ಬಿಡೋಕೆ ಬಟ್ಟೆ ಎಲ್ಲಿದೆ? ಕತ್ತರಿಸಿದ್ದೀರಲ್ಲ!”

ಬಟ್ಟೆ ಬದಲಿಸಿ ಬಂದು ಪ್ಯಾಂಟು ಕೊಟ್ಟ. ಅವಳು ಅದನ್ನು ಮೇಜಿನ ಮೇಲೆ ಒಳಮೈ ಹೊರಗೆ ಮಾಡಿ ಹರಡಿದಳು. ನಡುಹೊಲಿಗೆಯ ಎರಡೂ ಬದಿ, ನೀಟಾಗಿ ಮಡಚಿ, ಸಣ್ಣ ಹೊಲಿಗೆಯಲ್ಲಿ ಅಂಟಿಸಿಟ್ಟ ಬಟ್ಟೆ. ಒಂದು ಅಂಗುಲವಲ್ಲ, ಎರಡಲ್ಲ. ಅವನು ಕಳೆದುಕೊಂಡದ್ದೆಲ್ಲ ಅಲ್ಲಿತ್ತು.

ಈ ಪ್ಯಾಂಟನ್ನು ಮೂರು ಸಲ ಚಿಕ್ಕದು ಮಾಡಿದ್ದು ಅವಳೇ. ಮೂರನೆಯ ಸಲ ಅವನು, “ಉಳಿದದ್ದು ಕತ್ತರಿಸಿ ಎಸೆದುಬಿಡಿ. ಆ ಕಡೆ ಮತ್ತೆ ತಲೆ ಹಾಕಲ್ಲ” ಎಂದಿದ್ದ. “ಆಯ್ತು” ಎಂದಿದ್ದಳು.

“ಎಲ್ಲರದ್ದೂ ಹೀಗೆ ಇಡ್ತೀರಾ?”

“ಇಲ್ಲ. ಇಷ್ಟು ಬಿಟ್ರೆ ಕೂತಾಗ ಒತ್ತುತ್ತೆ. ಬೇರೆಯವರದ್ದು ಕತ್ತರಿಸ್ತೀನಿ.”

“ಅಂದ್ರೆ, ನಾನು ಮತ್ತೆ ಊದ್ಕೋತೀನಿ ಅಂತ ನಿಮಗೆ ಆಗಲೇ ಗೊತ್ತಿತ್ತು.”

“ಅದು ಹಾಗಲ್ಲ, ಕೇಳಿ...”

“ಅಕ್ಕ ಬೀಗ ಹಾಕಿದ್ದಾಳೆ, ನೀವು ಬಟ್ಟೆ ಮಡಚಿಟ್ಟಿದ್ದೀರಿ. ನನ್ನ ಮೇಲೆ ನಂಬಿಕೆ ಇಟ್ಟೋರು ಒಬ್ಬರಾದ್ರೂ ಇದ್ದೀರಾ?”

ಫೋನನ್ನು ಸ್ಟೂಲಿನ ಮೇಲೇ ಮರೆತು, ಮೆಟ್ಟಿಲಿಳಿದು ಹೋದ.

ಬೀದಿಯ ತಿರುವಿನ ಅಂಗಡಿಯಲ್ಲಿ ಐಸ್‌ಕ್ರೀಮಿನ ದೊಡ್ಡದೊಂದು ಕಪ್ಪು ಕೊಂಡ. ತಿನ್ನುವ ಜಾಗವೂ ತಲೆಯಲ್ಲಿ ಸಿದ್ಧವಿತ್ತು. ನಾಲ್ಕನೆಯ ಮಹಡಿಗಿಂತ ತುಸು ಕೆಳಗೆ ಲಿಫ್ಟನ್ನು ಕೀಲಿ ತಿರುಗಿಸಿ ನಿಲ್ಲಿಸಿದರೆ ಯಾರೂ ಒಳಗೆ ಬರುವಂತಿಲ್ಲ. ಮಹಡಿ ಮಹಡಿಗೆ ‘ದುರಸ್ತಿ ನಡೆದಿದೆ’ ಎಂಬ ಹಲಗೆ ತೂಗಿದರೆ ಮುಗಿಯಿತು. ಈ ವರ್ಷ ಆ ಲಿಫ್ಟಿಗಾದಷ್ಟು ದುರಸ್ತಿ ಬೇರೆ ಯಾವ ಲಿಫ್ಟಿಗೂ ಆಗಿರಲಾರದು.

ಇವತ್ತೂ ಹಾಗೇ ಮಾಡಿ, ಲಿಫ್ಟಿನೊಳಗೆ ಕೂತ. ಮೊದಲ ಚಮಚೆಗೆ ಕಣ್ಣು ತಾನಾಗಿ ಮುಚ್ಚಿತು. ಐದನೆಯದಕ್ಕೆ ರುಚಿ ಹೋಯಿತು. ಆದರೂ ಕೈ ನಿಲ್ಲಲಿಲ್ಲ. ಕಪ್ಪು ಮುಕ್ಕಾಲು ಖಾಲಿಯಾಗಿ ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಸಿಹಿ ಒಮ್ಮೆಗೇ ಹೆಚ್ಚಾದರೆ ಕತ್ತರಿಸಿದ ಹೊಟ್ಟೆ ಕೊಡುವ, ಅವನಿಗೆ ಚೆನ್ನಾಗಿ ಗೊತ್ತಿದ್ದ ಶಿಕ್ಷೆ ಬಂತು. ಎದೆ ಡವಡವ, ಬೆನ್ನೆಲ್ಲ ತಣ್ಣನೆಯ ಬೆವರು, ಕರುಳು ಹಿಂಡಿದಂತೆ. ನೆಲದ ಮೇಲೆ ಮಗ್ಗುಲಾದ. ಕಣ್ಣೆದುರಿಗೇ ಸ್ಟೀಲಿನ ಫಲಕ: ಎಂಟು ಮಂದಿ ಮಾತ್ರ.

ಮೇಲಿನ ಬಾಗಿಲನ್ನು ಯಾರೋ ಬಡಿದರು.

“ಒಳಗೆ ನೀವೇ ತಾನೇ? ಫೋನ್ ಬಿಟ್ಟು ಹೋಗಿದ್ದೀರಿ.”

ಉತ್ತರಿಸಲು ಬಾಯಿ ತೆರೆದರೆ ನರಳಿಕೆ ಹೊರಟಿತು.

“ಏನಾಯ್ತು? ರೀ! ಎದೆ ನೋವಾ? ಆಂಬುಲೆನ್ಸ್ ಕರೀತೀನಿ.”

“ಬೇಡ.” ಉಸಿರೆಳೆದುಕೊಂಡ. “ಎದೆ ನೋವಲ್ಲ. ಐಸ್‌ಕ್ರೀಮು.”



“ಐಸ್‌ಕ್ರೀಮಾ?”

“ಅರ್ಧ ಗಂಟೆ. ತಾನಾಗೇ ಹೋಗುತ್ತೆ. ನೀವು ಹೋಗಿ.”

ಅವಳು ಹೋಗಲಿಲ್ಲ. ಬಳೆ ನೆಲಕ್ಕೆ ತಾಗಿದ ಸದ್ದಿನಿಂದ, ಆಚೆ ಬಾಗಿಲಿಗೆ ಒರಗಿ ಕೂತಳೆಂದು ತಿಳಿಯಿತು. ಮುಖ ಕಾಣದಿದ್ದುದರಿಂದಲೋ ಏನೋ, ಅವನಿಗೆ ಹೇಳಲು ಸಾಧ್ಯವಾಯಿತು. ವಾಕಿಂಗ್ ಸುಳ್ಳು. ಆಪರೇಷನ್ನು. ಕತ್ತರಿಸಿದ ಹೊಟ್ಟೆ. ಕತ್ತರಿಸಲಾಗದೆ ಉಳಿದ ಆಸೆ. “ಭಾನುವಾರ ನಿಮ್ಮೆದುರು ಕೂತು ನಾಲ್ಕು ತುತ್ತು ತಿಂದು ಏಳ್ಬೇಕಾಗುತ್ತೆ. ಆಮೇಲೆ ಹೀಗೇ ಎಲ್ಲೋ ಅಡಗಿ ಕೂತು ಕದ್ದು ತಿಂತೀನಿ. ಇಂಥವನ ಜೊತೆ ನಿಮಗ್ಯಾಕೆ ಮುಂದಿನ ಮಾತು?”

“ನಿಮ್ಮದು ಮುಗೀತಾ? ಈಗ ನನ್ನದು ಕೇಳಿ. ಬಟ್ಟೆ ಕೈಗೆ ಬಂದ್ರೆ ಟೈಲರ್ ಮಾಡೋ ಮೊದಲನೇ ಕೆಲಸ ಏನು ಗೊತ್ತಾ?”

“ಅಳತೆ.”

“ಜೇಬು ಮಗುಚೋದು. ಈಚೆಗೆ ನಿಮ್ಮ ಜೇಬಲ್ಲಿ ಪ್ರತೀ ಸಲ ಟಾಫಿ ಕಾಗದ. ಸಣ್ಣಗೆ, ಉಗುರಿನಷ್ಟಕ್ಕೆ ಮಡಚಿಟ್ಟಿರ್ತೀರಿ. ಅಷ್ಟು ಭಯಪಟ್ಟು ಮಡಚಿದ ಕಾಗದ ನಾನು ಎಲ್ಲೂ ನೋಡಿಲ್ಲ. ಆಪರೇಷನ್ ವಿಷಯ ಗೊತ್ತಿರಲಿಲ್ಲ. ನೀವೊಬ್ಬರೇ ಕೂತು ಕದ್ದು ತಿಂತೀರಿ ಅಂತ ಗೊತ್ತಿತ್ತು. ಅದಕ್ಕೇ ರೀ, ಊಟಕ್ಕೆ ಕರೆದದ್ದು.”

ಅವನು ಸ್ಟೀಲಿನ ಗೋಡೆಗೆ ಹಣೆ ಒತ್ತಿದ. ಎದೆಬಡಿತ ನಿಧಾನವಾಗುತ್ತಿತ್ತು, ಅಥವಾ ಅವನಿಗೆ ಹಾಗನ್ನಿಸುತ್ತಿತ್ತು.

“ಮತ್ತೆ ಆ ಬಟ್ಟೆ?”



“ಕತ್ತರಿ ಹಿಡಿದಿದ್ದೆ. ಕತ್ತರಿಸಿದ್ರೆ ಅಲ್ಲಿಗೆ ನಿಮ್ಮ ಕೆಲಸ ಮುಗೀತು. ಇವರು ಇನ್ಯಾಕೆ ಬರ್ತಾರೆ ಅನ್ನಿಸ್ತು.” ದನಿ ಸಣ್ಣದಾಯಿತು. “ಇನ್ನೂ ಇಳಿದ್ರೂ ಇಲ್ಲಿಗೇ ಬರ್ಬೇಕು, ಏರಿದ್ರೂ ಇಲ್ಲಿಗೇ ಬರ್ಬೇಕು. ಅಷ್ಟೇ ನನ್ನ ಲೆಕ್ಕ. ಮುಖ ಕಾಣಿಸ್ತಿಲ್ಲ ಅಂತ ಹೇಳಿದೆ. ಬಾಗಿಲು ತೆರೆದ ಮೇಲೆ ಇನ್ನೊಂದು ಸಲ ಕೇಳ್ಬೇಡಿ.”

ಅವನು ಗೋಡೆ ಹಿಡಿದು ಎದ್ದು ಕೀಲಿ ತಿರುಗಿಸಿದ. ಲಿಫ್ಟು ಒಂದು ಗೇಣು ಏರಿ ಬಾಗಿಲು ತೆರೆಯಿತು. ಅವಳ ಕೊರಳಲ್ಲಿ ಇನ್ನೂ ಟೇಪಿತ್ತು, ಕೈಯಲ್ಲಿ ಅವನ ಫೋನು. ಅವಳು ಅವನ ಬೆವರಿದ ಮುಖವನ್ನೂ, ನೆಲದಲ್ಲಿದ್ದ ಐಸ್‌ಕ್ರೀಮಿನ ಕಪ್ಪನ್ನೂ ನೋಡಿದಳು. ಕಪ್ಪನ್ನು ಕಾಲಿನಿಂದ ಮೂಲೆಗೆ ಸರಿಸಿ, ಸೆರಗಿನಿಂದ ಅವನ ಹಣೆ ಒರೆಸಿದಳು.

“ಇನ್ನು ಈ ಲಿಫ್ಟಿನ ಕೀಲಿ ನಿಮ್ಮ ಹತ್ತಿರವೇ ಇರಲಿ,” ಎಂದ ಅವನು.

“ನಂಗ್ಯಾಕೆ? ನಾನು ನಿಮ್ಮಕ್ಕನೂ ಅಲ್ಲ, ಕಾವಲಿನವಳೂ ಅಲ್ಲ. ಆಸೆ ಬಂದಾಗ ಮೇಲೆ ಬನ್ನಿ. ‘ಬಂತು’ ಅನ್ನಿ, ಸಾಕು.”

ಭಾನುವಾರ ಅವನು ಬೇರೊಂದು ಹಳೆಯ ಪ್ಯಾಂಟಿನಲ್ಲೇ ಹೋಗಿ ನಾಲ್ಕು ತುತ್ತು ತಿಂದ. ನಾಲ್ಕು ತುತ್ತಿಗೆ ಅರ್ಧ ಗಂಟೆ ಹಿಡಿಯಿತು. ಅವಳೂ ಅಷ್ಟೇ ನಿಧಾನವಾಗಿ ಉಂಡು, “ನಿಮ್ಮ ದೆಸೆಯಿಂದ ನನ್ನ ಅಡುಗೇಲಿ ಉಪ್ಪು ಜಾಸ್ತಿ ಅಂತ ಇವತ್ತು ಗೊತ್ತಾಯ್ತು” ಎಂದಳು.

ಬುಧವಾರ ಮಧ್ಯಾಹ್ನ ಲಿಫ್ಟು ನಾಲ್ಕನೆಯ ಮಹಡಿಗೆ ಬಂದು ನಿಂತಿತು. ಅವನು ಅಂಗಡಿಯ ಬಾಗಿಲಲ್ಲಿ ನಿಂತ. ಜೇಬಿನೊಳಗೆ ಮುಷ್ಟಿ ಬಿಗಿದಿತ್ತು.

“ಬಂತು.”

ಅವಳು ಪೆಡಲಿನಿಂದ ಕಾಲು ತೆಗೆದಳು. ಮಷೀನು ನಿಂತಿತು. ಜೇಬಲ್ಲೇನಿದೆ ಎಂದು ಕೇಳಲಿಲ್ಲ. ಸ್ಟೂಲು ಎಳೆದು ಕೂರಿಸಿ, ಬೂದು ಪ್ಯಾಂಟನ್ನು ತೊಡೆಯ ಮೇಲಿಟ್ಟು, ಹೊಲಿಗೆ ಬಿಚ್ಚುವ ಸಣ್ಣ ಮೊನೆಯನ್ನು ಕೈಗೆ ಕೊಟ್ಟಳು.

ಅವನು ಮುಷ್ಟಿಯನ್ನು ಹೊರತೆಗೆದು, ಅದರಲ್ಲಿದ್ದ ಟಾಫಿಯನ್ನು ಮೇಜಿನ ಮೇಲಿಟ್ಟ. ಒಂದೊಂದೇ ಹೊಲಿಗೆ ಬಿಚ್ಚತೊಡಗಿದ. ಮಡಚಿಟ್ಟ ಬಟ್ಟೆ ಗೆರೆ ಗೆರೆಯಾಗಿ ಹೊರಬಂತು. ಬಣ್ಣ ಮಾಸದೆ, ಹೊಸದರಂತಿತ್ತು.

“ಹೋಯ್ತಾ?” ಎಂದಳು, ಕಾಲು ಗಂಟೆಯ ಮೇಲೆ.

“ಇಲ್ಲ. ಇನ್ನೂ ಇದೆ.”

“ಇರ್ಲಿ,” ಅವಳು ತನ್ನ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. “ಆ ಕಡೆ ಹೊಲಿಗೆ ಇನ್ನೂ ಪೂರ್ತಿ ಬಾಕಿ ಇದೆ.”