ರಿಬ್ಬನ್ ಕಟ್ಟಿದ ಲಾರ್ಚ್

"ನಿಲ್ಲಿಸೋ ಮಿಚಿಲ್! ಗುದ್ದಲಿ ಕೆಳಗಿಡು!"

ಅಜ್ಜಿಯ ಕೂಗಿಗೆ ಅಪ್ಪನ ಕೈ ಅಲ್ಲೇ ನಿಂತಿತು. ಸಂದಾರಾ ಬೆಚ್ಚಿಬಿದ್ದಳು.

ಎದುರಿಗೆ ಅವಳಷ್ಟೇ ಎತ್ತರದ ಲಾರ್ಚ್ ಗಿಡ. ಅದನ್ನು ಕಾಡಿನಿಂದ ತಂದು ಮನೆಯ ತೋಟದಲ್ಲಿ ನೆಡಬೇಕೆಂದು ಅವಳು ಚಳಿಗಾಲವಿಡೀ ಕಾದಿದ್ದಳು. ಬೆಳಗ್ಗೆಯೇ ತೋಟದಲ್ಲಿ ಗುಂಡಿ ತೋಡಿಯಾಗಿತ್ತು. ಎರಡು ಗೇಣು ಇಳಿಯುವಷ್ಟರಲ್ಲೇ ಗುದ್ದಲಿ ನೆಲದಡಿ ಇನ್ನೂ ಕರಗದ ಮಂಜುಗಡ್ಡೆಗೆ ಬಡಿದು ಟಣ್ ಎಂದಿತ್ತು. ಕೊಂಬೆಗಳಲ್ಲಿ ಮೊಗ್ಗು ಬಿರಿಯುತ್ತಿದೆ. ಸೂಜಿಯಂಥ ಎಲೆ ಹೊರಟ ಮೇಲೆ ಕಿತ್ತರೆ ಗಿಡ ಉಳಿಯುವುದಿಲ್ಲ. ಇವತ್ತು ಬಿಟ್ಟರೆ ಇಲ್ಲ!

"ಕಣ್ಣು ಕಾಣಲ್ವೇನೋ? ಕೊಂಬೆಗೆ ಯಾರೋ ಕಾಣಿಕೆ ಕಟ್ಟಿದಾರೆ. ಈ ಕಾಡು ಕಾಯೋ ನೆಲದೊಡತಿಗೆ ಕೊಟ್ಟ ಗಿಡಕ್ಕೆ ಗುದ್ದಲಿ ಹಾಕ್ತಾರಾ?"

"ಅಯ್ಯೋ ಅಜ್ಜೀ, ಅದು ನನ್ನ ಜಡೆ ರಿಬ್ಬನ್! ನಿನ್ನೆ ನಾನೇ ಕಟ್ಟಿದ್ದು. ಸೂರ್ಯನ ಕಡೆ ಯಾವುದು ಅಂತ ಗುರುತಿಗೆ. ನೆಡುವಾಗ್ಲೂ ಅದೇ ಮಗ್ಗುಲು ಸೂರ್ಯನ ಕಡೆ ಇರ್ಬೇಕಂತೆ, ಟೀಚರ್ ಹೇಳಿದಾರೆ."

ಅಪ್ಪ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ.

"ಕಟ್ಟುವಾಗ ಏನಾದ್ರೂ ಅಂದ್ಯಾ?"

"'ಚೆನ್ನಾಗಿ ಬೆಳೀ' ಅಂದೆ. ಅಷ್ಟೇ."

"ಆಯ್ತಲ್ಲ! ಕಾಣಿಕೆ ಅಂದ್ರೆ ಇನ್ನೇನು, ಕೊಂಬು ಇರುತ್ತಾ?"

"ಅಜ್ಜೀ, ಪ್ಲೀಸ್!"

"ನಿನ್ನ ರಿಬ್ಬನ್, ನಿನ್ನ ಮಾತು. ವಾಪಸ್ ಬೇಕಾದ್ರೆ ನೀನೇ ಬಿಚ್ಚಿಕೋ. ನಾನು ತುಟಿ ಪಿಟಕ್ಕನ್ನಲ್ಲ."

ಸಂದಾರಾ ಓಡಿಹೋಗಿ ಗಂಟು ಹಿಡಿದಳು. ಅಳುವೇ ಬಂತು. ಇಂಥ ಒಳ್ಳೆಯ ಗಿಡ! ಆದರೆ ಬೆರಳು ಮುಂದೆ ಹೋಗಲಿಲ್ಲ. ರಿಬ್ಬನ್ ಕಟ್ಟಿಸಿಕೊಂಡು ಗಿಡ ಗಾಳಿಗೆ ಸುಮ್ಮನೆ ತೂಗುತ್ತಿತ್ತು. ಕೊಟ್ಟದ್ದನ್ನು ಅದರ ಎದುರೇ ಕಿತ್ತುಕೊಳ್ಳುವುದು ಹೇಗೆ? ಅವಳು ಕೈ ತೆಗೆದು, ಕಣ್ಣೊರೆಸಿಕೊಂಡು, ಪೊದೆಗಳ ನಡುವೆ ನುಗ್ಗಿದಳು.

"ಅಪ್ಪಾ, ಬೇಗ ಬಾ! ಇಲ್ಲೊಂದಿದೆ!"

ಅದು ಅವಳ ಮೊಣಕಾಲಿಗೂ ಬರುತ್ತಿರಲಿಲ್ಲ.

"ಇದೇನು ಗಿಡಾನೋ, ಪೊರಕೆ ಕಡ್ಡೀನೋ?" ಎಂದ ಅಪ್ಪ.

"ನೋಡ್ತಿರು, ನಮ್ಮ ಸೂರನ್ನೂ ದಾಟುತ್ತೆ!"

ಬೇರಿನ ಮಣ್ಣು ಉದುರದಂತೆ ಗೋಣಿ ಸುತ್ತಿ ಅಪ್ಪ ಗಿಡವನ್ನು ಎತ್ತಿಕೊಂಡ. "ಗುರುತಿಗೆ ನಿನ್ನ ಇನ್ನೊಂದು ಜಡೆ ರಿಬ್ಬನ್ ಕಟ್ಟೇ."

"ಅಯ್ಯಪ್ಪಾ, ಬೇಡ!"

ಸೂರ್ಯನ ಕಡೆಯ ಕೊಂಬೆಯನ್ನು ಅವಳು ಎರಡೇ ಬೆರಳಲ್ಲಿ ಹಿಡಿದುಕೊಂಡಳು. ಅಪ್ಪನ ಪಕ್ಕದಲ್ಲೇ ಓಡುತ್ತಾ ಬಂದಳು. ಎಡವಿದಳು, ಬಿಡಲಿಲ್ಲ. ಮೂಗಿನ ಮೇಲೆ ಸೊಳ್ಳೆ ಕೂತಿತು, ಆಗಲೂ ಬಿಡಲಿಲ್ಲ.

"ತೋಟ ಬಂತಲ್ಲ, ಇನ್ನಾದ್ರೂ ಕೈ ಬಿಡೇ," ಎಂದ ಅಪ್ಪ.

"ಮೊದ್ಲು ಇದು ಸೂರ್ಯನ ಕಡೆ ತಿರುಗ್ಲಿ."

ಅಪ್ಪ ಗುಂಡಿಯಲ್ಲಿ ಗಿಡವಿಟ್ಟು ಮೆಲ್ಲಗೆ ತಿರುಗಿಸಿದ. ಅದರ ಜೊತೆ ಸಂದಾರಾಳೂ ತಿರುಗಿದಳು. ಮಧ್ಯಾಹ್ನದ ಬಿಸಿಲು ನೇರ ಕಣ್ಣಿಗೇ ಬಡಿಯಿತು. ಆಗ ಬೆರಳು ಸಡಿಲಿಸಿದಳು.