ಇಂಟರ್‌ಕಾಮ್ ನುಂಗಿದ ಅಕ್ಷರ

ನುಡಿ ಹುಟ್ಟುವ ಮೊದಲೇ ಅದನ್ನು ಅರಿತಿರುವ, ಅಡಗಿದ ಮೇಲೂ ಮರೆಯದಿರುವ ಪರಮಾತ್ಮನಿಗೆ ವಂದಿಸಿ, ನನ್ನ ಗುರುಗಳು ಒಬ್ಬ ನಿರಪರಾಧಿಯನ್ನು ಉಳಿಸಿದ ಬಗೆಯನ್ನು ಬರೆಯುತ್ತೇನೆ.

ಗುರುಗಳು ವೃತ್ತಿಯಿಂದ ವ್ಯಾಕರಣದ ಮೇಷ್ಟರು. ಪತ್ತೇದಾರಿಕೆ ಅವರಿಗೆ ತಾನಾಗಿ ಅಂಟಿಕೊಂಡದ್ದು. ಅಂದು ಬೆಳಿಗ್ಗೆ ಕಾಂಪೌಂಡರನ ಹೆಂಡತಿ ಬಂದು ನಮ್ಮ ಹೊಸ್ತಿಲಲ್ಲೇ ಕುಸಿದು ಕುಳಿತಳು.

"ನಮ್ಮೋರನ್ನ ಪೊಲೀಸರು ಹಿಡ್ಕೊಂಡು ಹೋದ್ರು ಮೇಷ್ಟ್ರೇ. ನಿನ್ನೆ ಸಂಜೆ ಮಹಡಿ ಮನೆ ಯಜಮಾನ್ರನ್ನ ಯಾರೋ ದಿಂಬು ಒತ್ತಿ ಕೊಂದಿದ್ದಾರೆ. ನಮ್ಮೋರು ಜ್ವರ ಬಂದು ಮಲಗಿದ್ರು, ದಿನಾ ಸಂಜೆ ಯಜಮಾನ್ರಿಗೆ ಕೊಡೋ ಇಂಜೆಕ್ಷನ್‌ಗೂ ಹೋಗಿಲ್ಲ. ನಾನು ಹೇಳಿದ್ರೆ, ಹೆಂಡ್ತಿ ಸಾಕ್ಷಿ ಯಾರಿಗೆ ಬೇಕು ಅಂತಾರೆ."

ಗುರುಗಳು ಚಪ್ಪಲಿ ಮೆಟ್ಟಿದರು. ನಾನು ಹಿಂಬಾಲಿಸಿದೆ.

ಆ ಮನೆಯ ನಡುಮನೆಯಲ್ಲಿ, ಮಹಡಿಯ ಮೆಟ್ಟಿಲಿನ ಬುಡದಲ್ಲೇ, ಯಜಮಾನರ ಪತ್ನಿ ಕುಳಿತಿದ್ದರು. ಅವರ ಕಣ್ಣು ಮಂಜಾಗಿ ಬಹುಕಾಲವಾಗಿತ್ತು. ಪಕ್ಕದ ಗೋಡೆಗೆ ಇಂಟರ್‌ಕಾಮ್ ಪೆಟ್ಟಿಗೆ. ಅದರ ಜೊತೆಯವು ಇನ್ನೆರಡು: ಒಂದು ಬೀದಿ ಬಾಗಿಲ ಹೊರಗೆ, ಇನ್ನೊಂದು ಮಹಡಿಯ ಮೇಲೆ ಯಜಮಾನರ ಹಾಸಿಗೆಯ ಬಳಿ. ಎಲ್ಲಿಂದ ಕರೆದರೂ ಗಂಟೆ ಒಂದೇ. ಮಕ್ಕಳಿಲ್ಲದ ಆಕೆಗೆ ಹತ್ತಿರದವನೆಂದರೆ ಅಕ್ಕನ ಮಗ; ಅವನು ನೀರಿನ ಲೋಟ ಹಿಡಿದು ನಿಂತಿದ್ದ.

"ಹೋದ ವಾರ ಸೂಜಿ ನೋವಾಯ್ತು ಅಂತ ಯಜಮಾನ್ರು ಕಾಂಪೌಂಡರ್ ಕೆನ್ನೆಗೆ ಹೊಡೆದಿದ್ರು. ಆ ಸಿಟ್ಟು," ಎಂದರು ಇನ್‌ಸ್ಪೆಕ್ಟರು. "ಇವತ್ತು ಈ ಮನೆನ ಅಂಧಮಕ್ಕಳ ಶಾಲೆಗೆ ಬರೆದುಕೊಡೋರಿದ್ರು, ಪಾಪ. ಅದೂ ನಿಂತುಹೋಯ್ತು."

ಗುರುಗಳು ಆ ತಾಯಿಯ ಕಡೆ ತಿರುಗಿದರು. "ಕೇಳಿಸಿದ್ದನ್ನ ಕೇಳಿಸಿದ ಹಾಗೇ ಹೇಳಿ ತಾಯಿ."

"ಗಂಟೆ ಆಯ್ತು. ಯಾರು ಅಂದೆ. 'ಕ್ಕಮ್ಮಾ, ಕಾಂಪೌಂಡರು, ಬಾಗಿಲು ತೆಗೀರಿ' ಅಂತು. ಮೊದಲ ಅಕ್ಷರ ನುಂಗೋದು ಈ ಪೆಟ್ಟಿಗೆಯ ಚಾಳಿ. ಮಾತೆಲ್ಲ ಎರಡೆರಡು ಸಲ ಕೇಳ್ತು. ಬಾಗಿಲು ತೆಗೆಯೋ ಗುಂಡಿ ಒತ್ತಿದೆ."

"ಮೆಟ್ಟಿಲು ಹತ್ತಿದ ಸದ್ದು?"

"ಹತ್ತಿದ್ದು ಕೇಳಲಿಲ್ಲ. ಆಮೇಲೆ ಇಳಿದು ಹೋಗಿದ್ದು ಕೇಳ್ತು."

"ಆ ಪೆಟ್ಟಿಗೆಯಲ್ಲಿ ಮಾತಾಡಿದ್ರೆ ಗುಹೆಯೊಳಗೆ ಕೂತು ಕೂಗಿದ ಹಾಗೆ," ಎಂದ ಅಕ್ಕನ ಮಗ. "ನನ್ನ ದನಿ ನನಗೇ ಗುರುತು ಸಿಗಲ್ಲ. ನಾನು ಮಧ್ಯಾಹ್ನವೇ ಹೇಳಿ ಹೊರಟಿದ್ದೆ. ಇದ್ದಿದ್ರೆ ಹೀಗಾಗೋಕೆ ಬಿಡ್ತಿದ್ನಾ?"

"ನಿನ್ನೆ ಬೆಳಿಗ್ಗೆ ನೀನು ಬರೋ ಮೊದಲೇ ರಿಪೇರಿಯವನು ಬಂದು ಹೋದ ಕಣಪ್ಪಾ. ಏನು ಮಾಡಿದ್ನೋ ಏನೋ."

"ರಿಪೇರಿ ಆಯ್ತಾ?" ಎಂದು ಅವನು ಪೆಟ್ಟಿಗೆಯತ್ತ ತಿರುಗಿದ.

ನಾವು ರಿಪೇರಿಯವನ ಅಂಗಡಿಗೆ ಹೋದೆವು. ಅವನು ಬೆಸುಗೆ ಹಾಕುತ್ತಲೇ ಹೇಳಿದ: "ಹೊರಗಿನ ಪೆಟ್ಟಿಗೆಯ ಸ್ಪೀಕರ್ ದನಿ ಅದರ ಮೈಕಿಗೇ ವಾಪಸ್ ಹೋಗ್ತಿತ್ತು ಸಾರ್. ವಾಲ್ಯೂಮ್ ಇಳಿಸಿ, ನಡುವೆ ಸ್ಪಂಜು ತುಂಬ್ದೆ. ಮಾರ್ದನಿ ನಿಂತುಹೋಯ್ತು. ಮೊದಲಕ್ಷರ ನುಂಗೋದು ಮಾತ್ರ ಹೋಗಲ್ಲ. ದನಿ ಬಂದ ಮೇಲೇ ಮೈಕು ಎಚ್ಚರ ಆಗೋದು."

"ಮಹಡಿಯದು?"

"ಮುಟ್ಟಲಿಲ್ಲ. ಯಜಮಾನ್ರು ನಿದ್ದೇಲಿದ್ರು. ಅವರ ದನಿ ಕ್ಷೀಣ ಅಂತ ಅದರ ಮೈಕನ್ನ ಮೊದಲಿಂದ್ಲೂ ಪೂರ್ತಿ ಏರಿಸಿಟ್ಟಿದ್ದಾರೆ."

ಅಂದು ಸಂಜೆ ಎಲ್ಲರೂ ಅದೇ ನಡುಮನೆಯಲ್ಲಿ ಸೇರಿದರು. ಜ್ವರದಿಂದ ನಡುಗುತ್ತಿದ್ದ ಕಾಂಪೌಂಡರನನ್ನು ಇಬ್ಬರು ಪೇದೆಗಳು ಹಿಡಿದು ಕೂರಿಸಿದರು. ಗುರುಗಳ ಅಪ್ಪಣೆಯಂತೆ ನಾನು ಮೊದಲು ಬೀದಿ ಬಾಗಿಲ ಹೊರಗಿನಿಂದಲೂ, ಬಳಿಕ ಮಹಡಿಯಿಂದಲೂ ಒಂದೇ ಮಾತನ್ನು ನುಡಿದು ಕೆಳಗಿಳಿದೆ.

"ಮೊದಲನೇದು ಒಂದೇ ಸಲ ಕೇಳ್ತು," ಎಂದರು ಆ ತಾಯಿ. "ಎರಡನೇದು ನಿನ್ನೆ ಹಾಗೇ. ಎರಡೆರಡು ಸಲ."

ಗುರುಗಳು ವಿವರಿಸಿದರು: "ಈ ಕೆಳಗಿನ ಪೆಟ್ಟಿಗೆಯ ಸದ್ದು ಮೆಟ್ಟಿಲ ದಾರಿಯಲ್ಲಿ ಏರಿ ಮಹಡಿಯ ಮೈಕನ್ನು ಹೊಕ್ಕು ಮರಳಿ ಬರುತ್ತದೆ. ಬೀದಿಯಿಂದ ಮಾತಾಡಿದರೆ ನಿನ್ನೆಯಿಂದ ಮಾರ್ದನಿ ಇಲ್ಲ. ಆದ್ದರಿಂದ ಕರೆದವನು ಆಗಲೇ ಮಹಡಿಯಲ್ಲಿದ್ದ. ಅದಕ್ಕೇ ಹತ್ತಿದ ಸದ್ದಿಲ್ಲ, ಇಳಿದದ್ದು ಮಾತ್ರ. ಹಳೆಯ ಮಾರ್ದನಿಯ ಮರೆಯಲ್ಲಿ ತನ್ನ ದನಿ ಅಡಗುತ್ತದೆಂದು ನಂಬಿದ್ದವನಿಗೆ ರಿಪೇರಿಯ ವಿಷಯ ಗೊತ್ತಿರಲಿಲ್ಲ." ಅವರು ಕಾಂಪೌಂಡರನತ್ತ ತಿರುಗಿದರು. "ಈ ತಾಯಿಯನ್ನ ಏನಂತ ಕರೀತೀಯಪ್ಪಾ?"

"ಅಮ್ಮಾವ್ರೇ ಅಂತ, ಮೇಷ್ಟ್ರೇ."

"ಅದರ ಮೊದಲಕ್ಷರ ಲೋಪವಾದರೆ 'ಮ್ಮಾವ್ರೇ' ಉಳಿಯಬೇಕು. ಉಳಿದದ್ದು 'ಕ್ಕಮ್ಮಾ'. ತಾಯಿ, ನಿಮ್ಮನ್ನ 'ಅಕ್ಕಮ್ಮಾ' ಅನ್ನೋರು ಇದ್ದಾರಾ?"

"ಯಾರೂ ಇಲ್ಲ," ಎಂದ ಆಕೆಯ ತುಟಿ ಅಲ್ಲೇ ನಿಂತಿತು. ಲೋಪವಾದ ಅಕ್ಷರ ಆಕೆಗೆ ಹೊಳೆದಿತ್ತು.

"ಮಧ್ಯಾಹ್ನ ಹೊರಟೆ ಎಂದು ಬಾಗಿಲು ಮುಚ್ಚಿದ ಸದ್ದು ಮಾಡಿ, ಬರಿಗಾಲಲ್ಲಿ ಮಹಡಿ ಸೇರಿದವನಿಗೆ ಮನೆ ಕೈತಪ್ಪುವ ಭಯವಿತ್ತು," ಎಂದರು ಗುರುಗಳು. "ಕಾಂಪೌಂಡರನ ಹೆಸರು ಹೇಳಲು ಮರೆಯಲಿಲ್ಲ. ಆದರೆ ಎಳವೆಯಿಂದ ಕರೆದ ಕರೆ ನಾಲಗೆಯ ಮೇಲೆ ಮೊದಲು ಬಂತು."

ಎಲ್ಲರೂ ಅಕ್ಕನ ಮಗನನ್ನು ನೋಡಿದರು.

"ಬಾಯಿ ತಪ್ತು, ಚಿಕ್ಕಮ್ಮಾ," ಎಂದ.

ಆಕೆ ಗೋಡೆಯತ್ತ ಮುಖ ತಿರುಗಿಸಿದರು. ಇನ್‌ಸ್ಪೆಕ್ಟರು ಅವನನ್ನು ಕರೆದೊಯ್ದ ಮೇಲೆ, ಕೈಚಾಚಿ ಕಾಂಪೌಂಡರನ ಬಿಸಿ ಅಂಗೈಯನ್ನು ಹುಡುಕಿ ಹಿಡಿದರು.

"ನಿನ್ನ ಮೇಲೆ ನಾನೇ ಸಾಕ್ಷಿ ಹೇಳಿದೆನಲ್ಲಪ್ಪಾ."

"ಕೇಳಿಸಿದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ ಅಮ್ಮಾವ್ರೇ," ಎಂದನವನು. "ಅದರಿಂದಲೇ ಇವತ್ತು ಮನೆಗೆ ಹೋಗ್ತಾ ಇದ್ದೀನಿ."

ಇದನ್ನು ಕೇಳಿದವರೆಲ್ಲರ ಕಿವಿ ನಿರ್ಮಲವಾಗಿರಲಿ, ನಾಲಗೆ ಸತ್ಯವನ್ನು ಬಿಡದಿರಲಿ. ಅವರ ಬಾಗಿಲಿಗೆ ಬರುವ ದನಿಗಳೆಲ್ಲ ಕ್ಷೇಮವನ್ನೇ ತರಲಿ.