ಅರ್ಧಕ್ಕೆ ನಿಂತ ಟ್ರಂಪೆಟ್

ಶಾಹೀನ್ ಅಳತೆ ಪಟ್ಟಿ ಹಿಡಿದು ಅವನ ತೋಳಿನ ಉದ್ದ ನೋಡುತ್ತಿದ್ದಳು. ಹೊಲಿಗೆ ಮಿಷಿನ್ನಿನ ಮೇಲಿದ್ದ ಅವಳ ಫೋನು ಇದ್ದಕ್ಕಿದ್ದಂತೆ ಹಾಡತೊಡಗಿತು.

ನೂರು ಗಂಡಸರ ಗಂಟಲು... ಹಿಂದೆ ಡ್ರಮ್ಮು, ಟ್ರಂಪೆಟ್ಟು. ಅರ್ಥವಾಗದ ಭಾಷೆ.

ಮುಖ ಕೆಂಪಾಗಿ, ಆರಿಸಲು ಕೈ ಚಾಚಿದಳು. ಅಷ್ಟರಲ್ಲಿ ಅವನು ಮುಂದಿನ ಸಾಲನ್ನು ಮೆಲ್ಲಗೆ ಸಿಳ್ಳೆಯಲ್ಲಿ ಹಿಡಿದುಕೊಂಡ. ಎಲ್ಲೂ ತಪ್ಪಲಿಲ್ಲ.

"ಇದು ನಿಮಗೆ ಗೊತ್ತಾ?"

"ಇಲ್ರಿ, ಈಗಲೇ ಕೇಳಿದ್ದು. ಹೆಜ್ಜೆ ಎಲ್ಲಿ ಬೀಳಬೇಕು ಅಂತ ಅದೇ ಹೇಳತೈತಲ್ಲ."

ಅವಳ ಕೈಯಲ್ಲಿದ್ದ ಪಟ್ಟಿ ಹಾಗೇ ಉಳಿಯಿತು. ಎಷ್ಟು ಇಂಚು ಎಂಬುದು ಮರೆತೇ ಹೋಗಿತ್ತು.

ಅವನು ಅಕೀಬ್, ಹಿರಿಯೂರಿನವನು. ಚಿತ್ರದುರ್ಗದಲ್ಲಿ ಅವಳ ತಂದೆ ದಾವೂದ್ ನಡೆಸುವ ಬ್ಯಾಂಡ್ ಸೆಟ್ಟಿಗೆ ಟ್ರಂಪೆಟ್ ಊದಲು ಆ ವಾರವೇ ಸೇರಿದ್ದ. ಹದಿನಾಲ್ಕು ಜನರ ಕೆಂಪು ಯೂನಿಫಾರ್ಮು ಹೊಲಿಯುವುದು ಶಾಹೀನಳ ಕೆಲಸ. ಟ್ರಂಪೆಟ್ ಊದುವವನಿಗೆ ಮಾತ್ರ ತೋಳು ಎರಡು ಬೆರಳು ಉದ್ದ ಬಿಡಬೇಕು, ಇಲ್ಲದಿದ್ದರೆ ವಾದ್ಯ ಎತ್ತಿದಾಗ ಮಣಿಕಟ್ಟು ಬರಿದಾಗಿ ಕಾಣುತ್ತದೆ. ಹತ್ತು ವರ್ಷದಲ್ಲಿ ಕಲಿತದ್ದು.

ಹಾಡಿನ ಹುಚ್ಚು ಹಿಡಿದು ಎರಡು ವರ್ಷವಾಗಿತ್ತಷ್ಟೇ. ಬ್ಯಾಂಡಿಗೆ ಹೊಸ ಹಾಡು ಹುಡುಕು ಎಂದು ಅಬ್ಬಾ ಹೇಳಿದ್ದರು. ಹುಡುಕುವಾಗ ಫೋನೇ ತಾನಾಗಿ ಸೋವಿಯತ್ ಸೈನಿಕರ ಒಂದು ಮಾರ್ಚ್ ಹಾಕಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಮಿಷಿನ್ನಿನ ಪೆಡಲು ಆ ಹೆಜ್ಜೆಗೇ ಬೀಳತೊಡಗಿತು. ಬೆನ್ನುನೋವು ಮರೆಯುತ್ತಿತ್ತು.

ಪಕ್ಕದ ಮನೆಯ ಓಬಮ್ಮ ರವಿಕೆ ಕೊಡಲು ಬಂದವಳು ಕೇಳಿ ನಕ್ಕಿದ್ದಳು. "ಏನವ್ವ, ಯುದ್ಧಕ್ಕೆ ಹೊಂಟೀಯಾ?"

ಶಾಹೀನಳಿಗೂ ಒಳಗೊಳಗೇ ಅದೇ ಪ್ರಶ್ನೆ. ಸಾಯಲು, ಸಾಯಿಸಲು ಹೊರಟವರ ಹಾಡು ಕೇಳಿ ತನಗೇಕೆ ಹಿತವಾಗಬೇಕು? ಆ ದೇಶವೇ ಈಗ ಇಲ್ಲವಂತೆ... ಆದರೂ ಅಷ್ಟು ಜನ ಒಟ್ಟಿಗೆ ಉಸಿರು ಎಳೆದುಕೊಳ್ಳುವ ಆ ಒಂದು ಕ್ಷಣ ಬಂದಾಗ, ತಾನೂ ಅವರ ಜೊತೆ ಉಸಿರು ಎಳೆಯುತ್ತಿದ್ದಳು. ಒಬ್ಬಳೇ ಕೂತು ಹೊಲಿಯುವವಳಿಗೆ ಅದು ಸಣ್ಣ ಮಾತಲ್ಲ.

ಇದನ್ನೆಲ್ಲ ಅವಳು ಹೇಳಿದ್ದು ಅಕೀಬನಿಗೆ ಮಾತ್ರ. ಅವನು ನಗಲಿಲ್ಲ. ಗುಂಡಿ ಹಾಕಿಸುವ ನೆಪದಲ್ಲಿ ಬಂದು, ಬಾಗಿಲ ಹತ್ತಿರ ನಿಂತು, ಒಂದೊಂದೇ ಹಾಡು ಕೇಳಿಸಿಕೊಂಡು ಹೋಗುತ್ತಿದ್ದ.

ಒಂದು ದಿನ ಅವಳು ಕೇಳಿಬಿಟ್ಟಳು. "ಆ ದೇಶದ ಹಳೇ ರಾಷ್ಟ್ರಗೀತೆ ಐತಲ್ಲ, ಅದನ್ನ ಒಂದ್ಸಲ ಊದ್ತೀರಾ? ನಾನು ಕೇಳಿದ್ದೆಲ್ಲ ಇಷ್ಟು ಸಣ್ಣ ಫೋನಲ್ಲೇ."

ಮದುವೆ ಮನೆಯಲ್ಲಿ ಸಿನಿಮಾ ಹಾಡು ಬಿಟ್ಟು ಬೇರೇನನ್ನೂ ಉಸ್ತಾದರು, ಅಂದರೆ ಅವಳ ಅಬ್ಬಾ, ಒಪ್ಪುವುದಿಲ್ಲ, ಆಗಲಿಕ್ಕಿಲ್ಲ ಎಂದಿದ್ದ ಅವನು.

ಆದರೆ ಹೊಳಲ್ಕೆರೆಯ ಮದುವೆಯಲ್ಲಿ ಊದಿದ.

ಊಟದ ಹೊತ್ತು. ಒಳಗೆ ಪಂಕ್ತಿ ಕೂತಿತ್ತು. ದಾವೂದ್ ನೀರು ಕುಡಿಯಲು ಆಚೆ ಹೋಗಿದ್ದರು. ಹರಿದ ಜರಿ ಹೊಲಿಯಲೆಂದು ಜೊತೆಗೆ ಬಂದಿದ್ದ ಶಾಹೀನ್, ಗೇಟಿನ ಬಳಿ ಟೆಂಪೋಗೆ ಒರಗಿ ನಿಂತಿದ್ದಳು. ಅಕೀಬ್ ಅವಳತ್ತ ಒಮ್ಮೆ ನೋಡಿ ಟ್ರಂಪೆಟ್ ಎತ್ತಿದ.

ನಿಧಾನವಾಗಿ, ದೊಡ್ಡದಾಗಿ, ಆ ರಾಗ ಎದ್ದಿತು. ಅವಳ ಕಣ್ಣು ತುಂಬಿ ಬಂತು...

ಒಳಗೆ ಆದದ್ದೇ ಬೇರೆ. ರಿಟೈರಾದ ಡ್ರಿಲ್ ಮೇಷ್ಟ್ರು ಚಿಕ್ಕತಿಮ್ಮಪ್ಪನವರು ಆ ಗತ್ತು ಕೇಳಿದ್ದೇ, ಯಾವುದೋ ರಾಷ್ಟ್ರಗೀತೆ ಇರಬೇಕೆಂದು, ಹೋಳಿಗೆ ಎಲೆಯಲ್ಲೇ ಬಿಟ್ಟು ಅಟೆನ್ಷನ್ನಿನಲ್ಲಿ ನಿಂತರು. ಅವರನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಇಡೀ ಸಾಲು ಎದ್ದಿತು. ಊಟದ ಮಧ್ಯೆ ಎದ್ದ ಎಲೆಗೆ ಮತ್ತೆ ಕೂರುವುದಿಲ್ಲ ಎಂದು ಗಂಡಿನ ಸೋದರಮಾವ ಹಟ ಹಿಡಿದ. ಹೆಣ್ಣಿನ ತಂದೆ ಓಡಿ ಬಂದು ರಾಗವನ್ನು ಅರ್ಧಕ್ಕೇ ನಿಲ್ಲಿಸಿ, ಅಷ್ಟರಲ್ಲಿ ವಾಪಸು ಬಂದ ದಾವೂದರನ್ನು ಎಲ್ಲರೆದುರು ಬೈದ. ನಲವತ್ತು ವರ್ಷದಲ್ಲಿ ಅವರು ಯಾರಿಂದಲೂ ಕೇಳದ ಮಾತುಗಳು.

ಯಾರ ಬುದ್ಧಿ ಇದು ಎಂದು ದಾವೂದ್ ಕೇಳಿದರು.

"ನಂದೇ, ಉಸ್ತಾದ್."

ಶಾಹೀನ್ ಬಾಯಿ ತೆರೆದಳು. ಮಾತು ಬರಲಿಲ್ಲ.

ಮರುದಿನ ಬಾಗಿಲಲ್ಲಿ ಮಡಿಸಿಟ್ಟ ಕೆಂಪು ಯೂನಿಫಾರ್ಮು ಮಾತ್ರ ಇತ್ತು. ಅಕೀಬ್ ಹಿರಿಯೂರಿಗೆ ಹೋಗಿದ್ದ.

ಎಂಟು ದಿನ ಅವಳು ಫೋನಿನಲ್ಲಿ ಹಾಡು ಹಾಕಲಿಲ್ಲ. ನನ್ನನ್ನು ಹೇಡಿ ಅಂದುಕೊಂಡಿರುತ್ತಾನೆ. ಸರಿಯಾಗೇ ಅಂದುಕೊಂಡಿದ್ದಾನೆ... ಒಂಬತ್ತನೆಯ ದಿನ ಹೊಸ ಟ್ರಂಪೆಟ್ಟಿನವನು ಅಳತೆ ಕೊಡಲು ಬಂದ. ಅವಳು ಪಟ್ಟಿ ಕೆಳಗಿಟ್ಟು, ಅಂಗಳದಲ್ಲಿ ಕ್ಲಾರಿನೆಟ್ ಒರೆಸುತ್ತಿದ್ದ ತಂದೆಯ ಮುಂದೆ ಹೋಗಿ ನಿಂತಳು.

"ಅಬ್ಬಾ, ಊದು ಅಂತ ಹೇಳಿದ್ದು ನಾನು."

ದಾವೂದ್ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟರು. ಆಮೇಲೆ ಆ ಹಾಡು ಹಾಕು ಎಂದರು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಬೆರಳುಗಳು ತಮಗೆ ತಾವೇ ಕ್ಲಾರಿನೆಟ್ಟಿನ ಮೇಲೆ ಓಡಾಡಿದವು. ಮೆರವಣಿಗೆಗೆ ಇಟ್ಟುಕೊಳ್ಳಬೇಕಿತ್ತು, ಅನ್ನದ ಹೊತ್ತಿಗಲ್ಲ ಎಂದು ಗೊಣಗಿದರು.

"ನಿಂಗೆ ಹಾಡು ಇಷ್ಟಾನೋ, ಹುಡುಗ ಇಷ್ಟಾನೋ?"

ಅವಳು ಸೆರಗಿನ ಅಂಚು ನೋಡುತ್ತಾ ಹೇಳಿದಳು. "ಎರಡೂ, ಅಬ್ಬಾ."

ಅವನನ್ನು ಹುಡುಕಿ ಇಬ್ಬರೂ ಹಿರಿಯೂರಿಗೆ ಹೋದಾಗ, ಅಕೀಬ್ ಮಾರಿಕಣಿವೆ ಅಣೆಕಟ್ಟೆಯ ಹತ್ತಿರ ಇದ್ದಾನೆಂದು ಅವನ ಮನೆಯವರು ಹೇಳಿದರು. ಅಲ್ಲಿ ಟ್ರಂಪೆಟ್ ಅಭ್ಯಾಸ ಮಾಡಿದರೆ ಬಯ್ಯುವವರಿಲ್ಲವಂತೆ. ಅಣೆಕಟ್ಟೆಯ ಹತ್ತಿರ ಬಸ್ಸಿಳಿದ ದಾವೂದ್, ನನಗೆ ಚಹಾ ಬೇಕು ಎಂದು ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟರು. ಶಾಹೀನ್ ಒಬ್ಬಳೇ ನೀರಿನ ಕಡೆ ನಡೆದಳು.

ಅವನು ಕಲ್ಲಿನ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದ.

"ಅಬ್ಬಾಗೆ ಎಲ್ಲಾ ಹೇಳಿದೀನಿ," ಎಂದಳು ಅವಳು. "ಅವತ್ತು ಸುಮ್ಮನಿದ್ದಿದ್ದಕ್ಕೆ ನಿಮಗೆ ಸಿಟ್ಟು ಬಂದಿರಬೇಕು."

ಅವನು ಗಲಿಬಿಲಿಗೊಂಡ. "ಸಿಟ್ಟಾ? ಇಲ್ರಿ... ನೀವು ಏನೂ ಹೇಳಲಿಲ್ಲ. ನಾನು ಊದಿದ್ದು ನಿಮಗೆ ಹಿಡಿಸಲಿಲ್ಲ ಅನ್ಕಂಡೆ. ಮೂರನೇ ಸಾಲಲ್ಲಿ ಒಂದು ಕಡೆ ಉಸಿರು ಸಾಲದೆ ಹೋಯ್ತು. ಅದನ್ನೇ ಸರಿ ಮಾಡ್ಕಳ್ತಾ ಇದೀನಿ, ದಿನಾ."

ಶಾಹೀನ್ ಅವನನ್ನೇ ನೋಡಿದಳು. ಎಂಟು ದಿನ ತಾನು ತನ್ನನ್ನೇ ಬಯ್ದುಕೊಂಡಿದ್ದಳು. ಅದೇ ಎಂಟು ದಿನ ಇವನು ಇಲ್ಲಿ ಕೂತು, ಅವಳಿಗಾಗಿ, ಒಂದು ಸಾಲು ತಿದ್ದುತ್ತಿದ್ದ.

ಚೀಲದಿಂದ ಕೆಂಪು ಯೂನಿಫಾರ್ಮು ತೆಗೆದು ಕೊಟ್ಟಳು. ಅವನು ಹಾಕಿಕೊಂಡು ಟ್ರಂಪೆಟ್ ಎತ್ತಿದ. ತೋಳು ಮಣಿಕಟ್ಟಿನ ಮೇಲೆ ಸರಿಯಾಗಿ ನಿಂತಿತು.

"ಕುಂತ್ಕಳ್ರಿ, ಪೂರ್ತಿ ಊದ್ತೀನಿ."

"ಬ್ಯಾಡ. ನಿಮ್ಮ ಪಕ್ಕದಲ್ಲೇ ನಿಂತ್ಕಂಡು ಕೇಳ್ತೀನಿ."

"ಇವತ್ತು ಒಂದಿನಾನಾ?"

"ನಿಮ್ಮ ಉಸಿರು ಇರೋ ತನಕ."

ರಾಗ ಎದ್ದಿತು. ಎರಡನೇ ಸಾಲಿಗೆ ಅಕೀಬನ ಕಣ್ಣು ಅವಳ ಹೆಗಲಾಚೆ ಹೋಗಿ, ತುಟಿ ವಾದ್ಯದಿಂದ ಸರಿಯಿತು.

"ಉಸ್ತಾದ್ ಚಹಾ ಬಿಟ್ಟು ಎದ್ದು ನಿಂತವ್ರೆ..."

ಶಾಹೀನ್ ತಿರುಗಿ ನೋಡಲಿಲ್ಲ. ಅವನ ತೋಳಿನ ಜರಿಯನ್ನು ಮೆಲ್ಲಗೆ ಹಿಡಿದುಕೊಂಡಳು.

"ನಿಲ್ಲಲಿ ಬಿಡ್ರಿ. ಈ ಸಲ ನೀವು ನಿಲ್ಲಿಸಬ್ಯಾಡ್ರಿ."